ನಾರ್ಸ್ ಅಲಂಕರಣ, ಕಸೂತಿಯಲ್ಲಿ

ವೈಕಿಂಗ್ ಯುಗದಿಂದ 12ನೆಯ ಶತಮಾನದವರೆಗೆ ಸ್ಕ್ಯಾಂಡಿನೇವಿಯದಲ್ಲಿ ಬೆಳೆದ ಮೃಗ, ಹಾವು, ಬಳ್ಳಿಗಳ ವಿನ್ಯಾಸಗಳನ್ನು ಸೂಜಿ ದಾರಕ್ಕೆ ಒಗ್ಗಿಸಿಕೊಂಡ ಕೈಕೆಲಸ. ಇಂದು ಹೊಲಿಯುವ ಮಾದರಿಗಳಲ್ಲಿ ಹೆಚ್ಚಿನವು ಮರ, ಕಲ್ಲು, ಲೋಹಗಳ ಕೆತ್ತನೆಯಿಂದ ಬಂದವು. ಆ ಕಾಲದ ಬಟ್ಟೆ ಮಣ್ಣಿನಲ್ಲಿ ಉಳಿದದ್ದು ತೀರ ಕಡಿಮೆ.

ಉಳಿದವುಗಳಲ್ಲಿ ಡೆನ್ಮಾರ್ಕಿನ ಮಮ್ಮೆನ್ ಸಮಾಧಿಯ ತುಣುಕುಗಳು ಅಮೂಲ್ಯ. 1868ರಲ್ಲಿ ತೆರೆದ ಈ ಸಮಾಧಿಯ ಕಾಲ, ಅದರ ಮರದ ವಾರ್ಷಿಕ ಉಂಗುರಗಳ ಪ್ರಕಾರ, 970–71ರ ಚಳಿಗಾಲ. ಉಣ್ಣೆಬಟ್ಟೆಯ ಮೇಲೆ ಚಿರತೆಗಳು, ಮನುಷ್ಯಮುಖಗಳು, ಎಲೆಬಳ್ಳಿಗಳು ಉಣ್ಣೆದಾರದ ಸ್ಟೆಮ್ ಸ್ಟಿಚ್‌ನಲ್ಲಿ ಮೂಡಿವೆ. ಬಳುಕುವ ಗೆರೆಯನ್ನು ಎಲ್ಲೂ ತುಂಡಾಗದಂತೆ ಒಯ್ಯುವ ಹೊಲಿಗೆ ಅದು; ಹೊಸದಾಗಿ ಕಲಿಯುವವರು ಅಲ್ಲಿಂದಲೇ ತೊಡಗುವುದು ಒಳ್ಳೆಯದು. 1904ರಲ್ಲಿ ಅಗೆದ ನಾರ್ವೆಯ ಊಸೆಬರ್ಗ್ ಹಡಗು ಸಮಾಧಿಯಲ್ಲಿ ಕುದುರೆ, ಬಂಡಿ, ಮೆರವಣಿಗೆಗಳನ್ನು ನೇಯ್ದ ಕಿರಿದಾದ ಪಟ್ಟಿಗಳೂ ರೇಷ್ಮೆ ಕಸೂತಿಯ ಚೂರುಗಳೂ ಸಿಕ್ಕವು.

ಕೆತ್ತನೆಯನ್ನು ಬಟ್ಟೆಗೆ ತರುವುದು ಬರೀ ನಕಲಿನ ಕೆಲಸವಲ್ಲ. ನಾರ್ವೆಯ ಉರ್ನೆಸ್ ಚರ್ಚಿನ ಗೋಡೆಯಲ್ಲಿ ಸುಮಾರು 1070ರ ಕೆತ್ತನೆ ಇದೆ: ತೆಳುಮೈಯ ನಾಲ್ಕುಕಾಲಿನ ಮೃಗ, ಅದನ್ನು ಸುತ್ತಿ ಕಚ್ಚುವ ಹಾವುಗಳು. ಅಲ್ಲಿ ಆಳವೂ ನೆರಳೂ ರೂಪವನ್ನು ತೋರಿಸುತ್ತವೆ. ದಾರಕ್ಕೆ ಆ ಆಳವಿಲ್ಲ. ಆದ್ದರಿಂದ ಗೆರೆ ಗೆರೆಯನ್ನು ದಾಟುವಲ್ಲಿ ಕೆಳಗಿನದನ್ನು ನಿಲ್ಲಿಸಿ ಆಚೆ ಬದಿಯಲ್ಲಿ ಮತ್ತೆ ಎತ್ತಿಕೊಳ್ಳಬೇಕು. ಇಲ್ಲಿ ತಪ್ಪಿದರೆ ಮೃಗ ಯಾವುದು, ಹಾವು ಯಾವುದು ಎಂದೇ ತಿಳಿಯದು. ಐರ್ಲೆಂಡಿನ ಗಂಟುಹೆಣಿಗೆಯನ್ನೂ ವೈಕಿಂಗ್ ಎಂದು ಮಾರುವುದುಂಟು. ಎರಡು ಪರಂಪರೆಗಳ ನಡುವೆ ಕೊಡುಕೊಳ್ಳುವಿಕೆ ನಡೆದದ್ದು ನಿಜ, ಆದರೂ ಅವನ್ನು ಬೇರೆಬೇರೆಯಾಗಿ ಗುರುತಿಸುವುದು ಕುಶಲಕರ್ಮಿಗಳಿಗೆ ನಾವು ಸಲ್ಲಿಸಬೇಕಾದ ಗೌರವ.

19ನೆಯ ಶತಮಾನದ ಕೊನೆಯಲ್ಲಿ ನಾರ್ವೆಯ ರಾಷ್ಟ್ರೀಯ ಭಾವನೆ ಈ ಹಳೆಯ ವಿನ್ಯಾಸಗಳಿಂದ ‘ಡ್ರ್ಯಾಗನ್ ಶೈಲಿ’ಯನ್ನು ಹುಟ್ಟಿಸಿತು. 1880ರ ಗೋಕ್‌ಸ್ಟಾಡ್ ವೈಕಿಂಗ್ ಹಡಗಿನ ಉತ್ಖನನ ಅದಕ್ಕೆ ಬಲ ಕೊಟ್ಟಿತು. ಕಟ್ಟಡ, ಪೀಠೋಪಕರಣ, ಬೆಳ್ಳಿಯ ಸಾಮಾನುಗಳಲ್ಲಿ ಅದು ಹರಡಿತು.

ಐಸ್‌ಲ್ಯಾಂಡಿನಲ್ಲಿ ಮಧ್ಯಯುಗದ ಚರ್ಚಿನ ವಸ್ತ್ರಗಳಿಗೆ ‘ರೆಫಿಲ್‌ಸೌಮುರ್’ ಎಂಬ ಇನ್ನೊಂದು ಹೊಲಿಗೆ ಬಳಕೆಯಲ್ಲಿತ್ತು: ಆಕಾರವನ್ನು ಒತ್ತೊತ್ತಾಗಿ ಹಾಸಿದ ದಾರಗಳಿಂದ ತುಂಬಿ, ಅಡ್ಡದಾರ ಹಾಯಿಸಿ, ಚಿಕ್ಕ ಹೊಲಿಗೆಗಳಿಂದ ಬಿಗಿಯುವುದು. ಫ್ರಾನ್ಸಿನ ಬೇಯೋ ಪಟ ಎಂಬ ಮಧ್ಯಯುಗದ ಕಸೂತಿಯ ಹೊಲಿಗೆಯೂ ಇದೇ ಬಗೆಯದು. ಆ ನಾಡಿನ ಹಳೆಯ ಕಥನವಾದ ನ್ಯಾಲ್ ಸಾಗಾವನ್ನು ಹೇಳುವ 90 ಮೀಟರ್ ಉದ್ದದ ಪಟವನ್ನು 2013ರಿಂದ 2020ರವರೆಗೆ ಹ್ವೋಲ್ಸ್‌ವೊಲ್ಲುರ್ ಊರಿನಲ್ಲಿ, ಲಿನನ್ ಬಟ್ಟೆಯ ಮೇಲೆ ಉಣ್ಣೆದಾರದಿಂದ ಈ ವಿಧಾನದಲ್ಲೇ ಹೊಲಿದರು. ಊರವರ ಜೊತೆಗೆ, ನೋಡಲು ಬಂದವರೂ ಕುಳಿತು ಒಂದಷ್ಟು ಹೊಲಿದು ಹೋದರು.