ಕಿವಿಗೆ ಬಿದ್ದ ಕಿಡಿಗಳು

ಕಛೇರಿಯಲ್ಲಿ ಹಾಡು ರುಚಿಸದಿದ್ದರೆ ನಮ್ಮವರು ಏನು ಮಾಡುತ್ತಾರೆ? ತನಿ ಆವರ್ತನ ಶುರುವಾಗುತ್ತಲೇ ಮೆಲ್ಲನೆದ್ದು ಕಾಫಿಗೆ ಹೋಗುತ್ತಾರೆ. ಪ್ಯಾರಿಸ್ಸಿನ ಜನ ಇಷ್ಟು ಸಾಧುಗಳಲ್ಲ. 1954ರ ಡಿಸೆಂಬರ್ 2ರಂದು ಅಲ್ಲಿಯ ಶಾಂಜೆಲೀಸೆ ರಂಗಮಂದಿರದಲ್ಲಿ ಅವರು ಕೂತಲ್ಲೇ ಕೂಗಿದರು, ಸಿಳ್ಳೆ ಹಾಕಿದರು, ಗಹಗಹಿಸಿ ನಕ್ಕರು. ಮೆಚ್ಚಿದ ಕೆಲವರು ಚಪ್ಪಾಳೆ ತಟ್ಟಿ ಅವರ ಬಾಯಿ ಮುಚ್ಚಿಸಲು ಹೊರಟಾಗ ಗಲಾಟೆ ಇನ್ನೂ ಏರಿತು. ಕಾರ್ಯಕ್ರಮ ರೇಡಿಯೋದಲ್ಲಿ ನೇರವಾಗಿ ಬರುತ್ತಿದ್ದುದರಿಂದ ಮನೆಯಲ್ಲಿ ಕೂತವರಿಗೂ ಸಂಗೀತದೊಡನೆ ಜಗಳ ಪುಕ್ಕಟೆಯಾಗಿ ದೊರೆಯಿತು.

ಆ ರಾತ್ರಿಯ ಕೃತಿ ಎಡ್ಗರ್ ವರೇಸ್ ರಚಿಸಿದ 'ಡೆಸೆರ್', ಮರುಭೂಮಿಗಳು ಎಂದರ್ಥ. ಅವನಿಗಾಗ 70 ದಾಟಿತ್ತು. ವಾದ್ಯಗಳವರು ನುಡಿಸುತ್ತ ನುಡಿಸುತ್ತ ಮೂರು ಕಡೆ ಸುಮ್ಮನಾಗುತ್ತಾರೆ. ಆಗ ಧ್ವನಿವರ್ಧಕಗಳಿಂದ ಟೇಪಿನಲ್ಲಿ ಹಿಡಿದಿಟ್ಟ ಕಾರ್ಖಾನೆಯ ಸದ್ದು ಹೊರಡುತ್ತದೆ. ಇದನ್ನು ಇಟ್ಟದ್ದಾದರೂ ಎಲ್ಲಿ? ಮೊಟ್ಸಾರ್ಟ್ ಮತ್ತು ಚೈಕೋವ್ಸ್ಕಿಯರ ನಡುವೆ! ಪಾಯಸದ ಎಲೆಗೆ ಉಪ್ಪಿನಕಾಯಿಯ ರಸ ಹರಿದರೆ ಮುಖ ಸಿಂಡರಿಸುವುದು ಸಹಜವೇ. ಅದೇ ಮಂದಿರದಲ್ಲಿ 1913ರಲ್ಲಿ ಸ್ಟ್ರಾವಿನ್ಸ್ಕಿಯ ನೃತ್ಯರೂಪಕಕ್ಕೂ ಹೀಗೆಯೇ ಗದ್ದಲವಾಗಿತ್ತು. ಆದರೆ ಆಗ ಬೈಸಿಕೊಳ್ಳಲು ಎದುರಿಗೆ ಮನುಷ್ಯರಾದರೂ ಇದ್ದರು. ಈಗ ವೇದಿಕೆಯ ಮೇಲೆ ಯಾರೂ ತುಟಿ ಆಡಿಸದೆ, ಬೆರಳು ಎತ್ತದೆ, ಪೆಟ್ಟಿಗೆಯೇ ಗರ್ಜಿಸುತ್ತಿತ್ತು. ಜನರನ್ನು ಕೆರಳಿಸಿದ್ದು ಸದ್ದಿಗಿಂತ ಹೆಚ್ಚಾಗಿ ಇದೇ ಇರಬೇಕೆಂದು ನನಗನ್ನಿಸುತ್ತದೆ.

ಯಾಕೆಂದರೆ ಅಂಥ ಸದ್ದು ಪ್ಯಾರಿಸ್ಸಿಗೆ ಹೊಸದಲ್ಲ. ಪಿಯರ್ ಶೆಫರ್ ರೈಲ್ವೆ ಸ್ಟೇಷನ್ನಿಗೆ ಹೋಗಿ ಎಂಜಿನ್ನುಗಳ ಸೀಟಿ, ಗಾಲಿಗಳ ಗಡಗಡ ಹಿಡಿದು ತಂದು ಕಟ್ಟಿದ ಕೃತಿಯನ್ನು 1948ರಲ್ಲೇ ಫ್ರೆಂಚ್ ರೇಡಿಯೋ ಬಿತ್ತರಿಸಿತ್ತು.

ನಾಲ್ಕು ವರ್ಷ ಕಳೆಯಿತು. 1958ರಲ್ಲಿ ಬ್ರಸೆಲ್ಸಿನ ವಿಶ್ವ ವಸ್ತುಪ್ರದರ್ಶನಕ್ಕೆ ಫಿಲಿಪ್ಸ್ ಕಂಪನಿಯವರು ಡೇರೆಯಂಥ ವಿಚಿತ್ರ ಮಂಟಪವೊಂದನ್ನು ಕಟ್ಟಿಸಿದರು. ಹೊಣೆ ಹೊತ್ತವನು ನಮ್ಮ ಚಂಡೀಗಢವನ್ನು ರೂಪಿಸಿದ ಲ ಕಾರ್ಬೂಸಿಯೇ. ಒಳಗೆ ನೂರಾರು ಧ್ವನಿವರ್ಧಕಗಳು. ಅವುಗಳಲ್ಲಿ ಅದೇ ವರೇಸ್‌ನ ಎಂಟು ನಿಮಿಷಗಳ ಟೇಪ್ ಸಂಗೀತ. ಲಕ್ಷಾಂತರ ಜನ ಸಾಲುಗಟ್ಟಿ ಬಂದು ಕೇಳಿ ಹೋದರು. ಕಛೇರಿಯೆಂದು ಟಿಕೇಟು ಕೊಂಡು ಕೂತಾಗ ಸಿಟ್ಟು ತರಿಸುವುದು ಜಾತ್ರೆಯಲ್ಲಿ ಸೋಜಿಗವಾಗುತ್ತದೆ.

ಒಂದು ತಂಡ ಹೊರಬಂದು ಇನ್ನೊಂದು ಒಳಹೋಗುವ ನಡುವಿನ ಹೊತ್ತಿಗೆ ಮೂರು ನಿಮಿಷಕ್ಕೂ ಕಡಿಮೆಯ ಮತ್ತೊಂದು ಪುಟ್ಟ ಕೃತಿಯಿತ್ತು. ಅದನ್ನು ಮಾಡಿದವನು ಯಾನಿಸ್ ಕ್ಸೆನಾಕಿಸ್. ಗ್ರೀಕನಾದ ಅವನು ಕಾರ್ಬೂಸಿಯೇ ಕೈಕೆಳಗಿನ ಎಂಜಿನಿಯರ್. ಅವನ ಸಾಮಗ್ರಿ ಇಷ್ಟೇ: ಉರಿಯುವ ಇದ್ದಿಲು ಚಟಪಟಗುಟ್ಟುವ ಸದ್ದು. ಇದ್ದಿಲ ಒಲೆ ಊದಿದ ನಮ್ಮಂಥವರಿಗೆ ಅದನ್ನು ಯಾರೂ ವಿವರಿಸಬೇಕಾಗಿಲ್ಲ. ಯುದ್ಧಕಾಲದ ಅಥೆನ್ಸಿನಲ್ಲಿ ಹೋರಾಟಕ್ಕೆ ಇಳಿದು, ಶೆಲ್ ಸಿಡಿದು ಎಡಗಣ್ಣು ಕಳೆದುಕೊಂಡವನು ಈತ. ಸಾವಿರ ಕಂಠಗಳ ಘೋಷಣೆ ಗುಂಡಿನ ಸದ್ದಿಗೆ ಒಡೆದು ಚೂರಾಗುವುದು, ಆಲಿಕಲ್ಲು ಬೀಳುವುದು, ಜೀರುಂಡೆಗಳ ಹಿಂಡು ಕೂಗುವುದು, ಎಲ್ಲವೂ ಅವನಿಗೆ ಸಣ್ಣ ಸಣ್ಣ ಸದ್ದುಗಳ ರಾಶಿಯಾಗಿ ಕೇಳಿಸುತ್ತಿದ್ದವು. ಶಬ್ದವನ್ನೂ ಕಣಕಣವಾಗಿ ಕಾಣಬಹುದೆಂದು ವಿಜ್ಞಾನಿ ಡೆನಿಸ್ ಗೇಬರ್ 1947ರಲ್ಲೇ ಬರೆದಿದ್ದ.

ಸೆಕೆಂಡಿನ ನೂರನೆಯ ಒಂದು ಭಾಗ ಬಾಳುವ ಸದ್ದಿಗೆ ತನ್ನದೆಂಬ ರಾಗವಿಲ್ಲ. ಒಂದು ಸಾಸಿವೆ ಸಿಡಿದಂತೆ, ಅಷ್ಟೆ. ಅಂಥವು ಸಾವಿರಾರು ಒತ್ತೊತ್ತಾಗಿ ಬಿದ್ದರೆ ಮಳೆಯಾಗುತ್ತದೆ, ಹೊಳೆಯಾಗುತ್ತದೆ. ಇಷ್ಟನ್ನು ಕೈಯಿಂದ ಜೋಡಿಸುವುದು ಯಾರಿಂದ ಸಾಧ್ಯ? ಆ ತಾಳ್ಮೆ ಕಂಪ್ಯೂಟರಿಗೆ ಬಂತು. ಅಮೆರಿಕದ ಕರ್ಟಿಸ್ ರೋಡ್ಸ್ 1974ರಲ್ಲಿ ಮೊದಲು ಮಾಡಿ ನೋಡಿದ. ಕೆನಡಾದ ಬ್ಯಾರಿ ಟ್ರುಯಾಕ್ಸ್ 1986ರಲ್ಲಿ 'ರಿವರ್‌ರನ್' ಎಂಬ ಸುಮಾರು 20 ನಿಮಿಷಗಳ ಕೃತಿಯನ್ನು ಹೀಗೆ ಕಣಗಳಿಂದಲೇ ಕಟ್ಟಿದ.

ಅದನ್ನು ನಾನು ಮಗಳ ಕಂಪ್ಯೂಟರಿನಲ್ಲಿ ಕೇಳಿದೆ. ಮೊದಲು ಹನಿ, ಆಮೇಲೆ ಝರಿ, ಕೊನೆಗೆ ಎದೆ ನಡುಗಿಸುವ ಪ್ರವಾಹ. ಅದರಲ್ಲಿ ನಿಜವಾದ ನೀರಿನ ಒಂದು ತೊಟ್ಟೂ ಇಲ್ಲ, ಎಲ್ಲವೂ ಲೆಕ್ಕಾಚಾರ ಎಂದು ತಿಳಿದ ಮೇಲೂ ನನ್ನ ಕಿವಿ ನಂಬಲಿಲ್ಲ. ಪಕ್ಕದ ಕೋಣೆಯಿಂದ ನಮ್ಮವರು "ನಲ್ಲಿ ಬಿಟ್ಟು ಬಂದಿದ್ದೀಯೇನೇ?" ಎಂದರು. ಪ್ಯಾರಿಸ್ಸಿನ ಸಿಳ್ಳೆಗಿಂತ ಇದೇ ಎಷ್ಟೋ ಮೇಲು.

ಇವರೆಲ್ಲ ಗಂಡಸರೇ ಆದರಲ್ಲ ಎಂದು ನೀವು ಕೇಳಬಹುದು. ಈ ಬಗೆಯ ಸದ್ದನ್ನು ಮನೆಮನೆಯ ನಡುಮನೆಗೆ ಒಯ್ದವಳು ಹೆಂಗಸೇ. 1963ರ ನವೆಂಬರಿನಲ್ಲಿ ಬಿಬಿಸಿ ಟಿವಿಯಲ್ಲಿ 'ಡಾಕ್ಟರ್ ಹೂ' ಧಾರಾವಾಹಿ ಶುರುವಾಯಿತು. ಅದರ ಶೀರ್ಷಿಕೆ ಸಂಗೀತವನ್ನು ರಾನ್ ಗ್ರೇನರ್ ಬರೆದುಕೊಟ್ಟ. ಬಿಬಿಸಿಯ ಡೀಲಿಯಾ ಡರ್ಬಿಷರ್ ಒಂದೊಂದು ಸ್ವರವನ್ನೂ ಬೇರೆ ಬೇರೆ ಧ್ವನಿಮುದ್ರಿಸಿ, ಟೇಪು ಕತ್ತರಿಸಿ, ಅಂಟಿಸಿ, ಹೂ ಕಟ್ಟಿದಂತೆ ಕಟ್ಟಿದಳು. ಕೇಳಿದ ಗ್ರೇನರ್ ಇದನ್ನು ಬರೆದದ್ದು ತಾನೇನಾ ಎಂದು ಬೆರಗಾದನಂತೆ. ಗೌರವಧನದಲ್ಲಿ ಅವಳಿಗೂ ಪಾಲಿರಲಿ ಎಂದು ಅವನು ಬಯಸಿದರೂ ಸಂಸ್ಥೆಯ ನಿಯಮ ಒಪ್ಪಲಿಲ್ಲ. ಮಕ್ಕಳು ಸೋಫಾದ ಹಿಂದೆ ಅವಿತು ನೋಡುತ್ತಿದ್ದರೆಂದು ಇಂಗ್ಲೆಂಡಿನಲ್ಲಿ ಇಂದಿಗೂ ಹೇಳುವ ಮಾತು ಆ ಧಾರಾವಾಹಿಯದೇ. ಪ್ಯಾರಿಸ್ಸಿನ ಪಂಡಿತರು ಸಿಳ್ಳೆ ಹಾಕಿದಂಥ ಸದ್ದಿಗೆ ಇಂಗ್ಲೆಂಡಿನ ಮಕ್ಕಳು ಪ್ರತಿ ಶನಿವಾರ ಕಾದು ಕೂತರು.

ಡೀಲಿಯಾ 2001ರಲ್ಲಿ ತೀರಿಕೊಂಡಳು. ಆ ಸಂಗೀತಕ್ಕಾಗಿ ಅವಳ ಹೆಸರು ಧಾರಾವಾಹಿಯ ತೆರೆಯ ಮೇಲೆ ಮೊದಲ ಬಾರಿಗೆ ಮೂಡಿದ್ದು 2013ರಲ್ಲಿ.