ಗಾಲಿಯ ಲೆಕ್ಕ, ದಾರದ ಅಳತೆ

ಜಾತ್ರೆಯಲ್ಲಿ ತೇರು ಎಳೆಯುವುದನ್ನು ಕಂಡವರಿಗೆ ಗೊತ್ತು: ನೇರ ಬೀದಿಯಲ್ಲಿ ಸರಾಗವಾಗಿ ಬಂದ ತೇರು ಮೂಲೆಯಲ್ಲಿ ತಡೆದು ನಿಲ್ಲುತ್ತದೆ. ಎಷ್ಟು ಜಗ್ಗಿದರೂ ತಾನಾಗಿ ಹೊರಳುವುದಿಲ್ಲ. ಗಾಲಿಯ ಬುಡಕ್ಕೆ ಮರದ ಬೆಣೆ ಕೊಟ್ಟು ಸ್ವಲ್ಪ ಸ್ವಲ್ಪವಾಗಿ ಪಕ್ಕಕ್ಕೆ ಜಾರಿಸಬೇಕು. ತಿರುವಿನಲ್ಲಿ ಹೊರಗಿನ ಗಾಲಿ ದೊಡ್ಡ ವೃತ್ತದಲ್ಲಿ, ಒಳಗಿನದು ಚಿಕ್ಕ ವೃತ್ತದಲ್ಲಿ ಸಾಗಬೇಕು; ಆದರೆ ಅಚ್ಚು ಕದಲದ ತೇರಿನಲ್ಲಿ ಎಲ್ಲ ಗಾಲಿಗಳ ಮುಖ ಒಂದೇ ಕಡೆಗೆ. ಎತ್ತಿನ ಬಂಡಿಗೆ ಈ ಕಷ್ಟವಿಲ್ಲ. ಅದಕ್ಕಿರುವುದು ಒಂದೇ ಅಚ್ಚು. ದಿಕ್ಕು ಬದಲಿಸುವ ಹೊಣೆ ಎತ್ತುಗಳದ್ದು.

ತೇರನ್ನು ಕಾಡುವ ಈ ಸಮಸ್ಯೆಗೇ ಯುರೋಪಿನ ಸಾರೋಟು ತಯಾರಕರು ಬೇರೆ ದಾರಿ ಹುಡುಕಿದ್ದರು. ಮುಂದಿನ ಅಚ್ಚನ್ನು ನಡುವಿನ ಒಂದು ಮೊಳೆಯ ಮೇಲೆ ಇಡಿಯಾಗಿ ತಿರುಗಿಸುತ್ತಿದ್ದರು. ಆದರೆ ಅಚ್ಚು ಓರೆಯಾದಷ್ಟೂ ಗಾಡಿಯ ಆಧಾರ ಕಿರಿದಾಗುತ್ತದೆ. ರಭಸದ ತಿರುವಿನಲ್ಲಿ ಗಾಡಿ ಮಗುಚುತ್ತಿತ್ತು. ಇದಕ್ಕೆ ಪರಿಹಾರ ಯೋಚಿಸಿದವರಲ್ಲಿ ಇಂಗ್ಲೆಂಡಿನ ಲಿಚ್‌ಫೀಲ್ಡಿನ ಎರಾಸ್ಮಸ್ ಡಾರ್ವಿನ್ ಮೊದಲಿಗ. ಈತ ವೈದ್ಯ, ಕವಿ, ಚಾರ್ಲ್ಸ್ ಡಾರ್ವಿನ್ನನ ಅಜ್ಜ. ರೋಗಿಗಳನ್ನು ನೋಡಲು ಹಳ್ಳಿರಸ್ತೆಗಳಲ್ಲಿ ದಿನವಿಡೀ ಗಾಡಿಯಲ್ಲಿ ಅಲೆಯುತ್ತಿದ್ದವನಿಗೆ ಇದು ಪ್ರಾಣದ ಪ್ರಶ್ನೆಯೂ ಆಗಿತ್ತು. 1768ರಲ್ಲಿ ಗಾಡಿಯಿಂದ ಬಿದ್ದು ಮಂಡಿಚಿಪ್ಪು ಮುರಿದುಕೊಂಡ. ಅಚ್ಚು ಸ್ಥಿರವಾಗಿರಲಿ, ತುದಿಯಲ್ಲಿ ಪ್ರತಿ ಗಾಲಿಯೂ ತನ್ನ ಕೀಲಿನ ಮೇಲೆ ತಿರುಗಲಿ ಎಂಬುದು ಅವನ ವಿಚಾರ. ಅದಕ್ಕೆ ಅವನು ಪೇಟೆಂಟ್ ಪಡೆಯಲಿಲ್ಲ.

ಸುಮಾರು ಅರ್ಧ ಶತಮಾನದ ನಂತರ ಮ್ಯೂನಿಕ್ಕಿನ ಸಾರೋಟು ಕುಶಲಿ ಗಿಯೋರ್ಗ್ ಲಾಂಕೆನ್‌ಸ್ಪೆರ್ಗರ್ ಇದನ್ನೇ ಮತ್ತೆ ಕಂಡುಹಿಡಿದ. ಅವನ ಪರವಾಗಿ 1818ರಲ್ಲಿ ಲಂಡನ್ನಿನಲ್ಲಿ ಪೇಟೆಂಟ್ ಪಡೆದವನು ರುಡಾಲ್ಫ್ ಆಕರ್‌ಮನ್. ಸಾಹಿತ್ಯದ ಓದುಗರಿಗೆ ಈ ಹೆಸರು ಬೇರೆ ಕಾರಣಕ್ಕೆ ಪರಿಚಿತವಿರಬಹುದು. ಸ್ಟ್ರ್ಯಾಂಡ್ ಬೀದಿಯಲ್ಲಿ ಅಂಗಡಿ ಇಟ್ಟು, ಬಣ್ಣದ ಚಿತ್ರಗಳ ಚೆಂದದ ಪುಸ್ತಕಗಳನ್ನೂ ಮಾಸಪತ್ರಿಕೆಯನ್ನೂ ಹೊರತಂದ ಪ್ರಕಾಶಕ ಅವನು. ಇಂದಿಗೂ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಓದುವ ‘ಆಕರ್‌ಮನ್ ಜ್ಯಾಮಿತಿ’ಯ ಮೇಲಿರುವುದು ಈ ಪುಸ್ತಕ ವ್ಯಾಪಾರಿಯ ಹೆಸರು, ಕುಶಲಿಯ ಹೆಸರು ಅಡಿಟಿಪ್ಪಣಿಗೆ ಸರಿಯಿತು.

ಕುದುರೆಗಾಡಿಯ ಜಗತ್ತು ಈ ಉಪಾಯವನ್ನು ಹೆಚ್ಚಾಗಿ ಒಪ್ಪಲಿಲ್ಲ. ಎಳೆಯುವ ಕುದುರೆ ಹೋಗಿ ಎಂಜಿನ್ ಬಂದಾಗ ಬೇರೆ ಗತಿಯಿರಲಿಲ್ಲ. ಫ್ರಾನ್ಸಿನ ಲ ಮಾನ್ಸ್ ಊರಿನಲ್ಲಿ ಗಂಟೆ ಎರಕ ಹೊಯ್ಯುವ ಮನೆತನದ ಅಮೆದೆ ಬೊಲ್ಲೆ 1873ರಲ್ಲಿ ಕಟ್ಟಿದ ಉಗಿಬಂಡಿಯ ಮುಂದಿನ ಎರಡು ಗಾಲಿಗಳೂ ಬೇರೆ ಬೇರೆ ಕೀಲುಗಳ ಮೇಲೆ ತಿರುಗುತ್ತಿದ್ದವು. ಅದರ ಹೆಸರು ‘ಲೊಬೆಯಿಸಾಂತ್’, ಅಂದರೆ ಹೇಳಿದ ಮಾತು ಕೇಳುವವಳು. ಕಾರ್ಲ್ ಬೆಂಜ್‌ನ 1886ರ ಮೊದಲ ಕಾರಿಗೆ ಇದ್ದದ್ದು ಮೂರೇ ಗಾಲಿ. ಮುಂದಿನ ಎರಡನ್ನು ಒಟ್ಟಿಗೆ ತಿರುಗಿಸುವ ಬಗೆ ಅವನಿಗಿನ್ನೂ ಒಲಿದಿರಲಿಲ್ಲ. 1893ರಲ್ಲಿ ಅದು ಒಲಿಯಿತು, ನಾಲ್ಕು ಗಾಲಿಯ ವಿಕ್ಟೋರಿಯಾ ಬಂತು.

ವೈದ್ಯ, ಕುಶಲಿ, ಪ್ರಕಾಶಕ, ಗಂಟೆ ಎರಕದವನು ಹೀಗೆ ಕೂಡಿಸಿದ ವಿದ್ಯೆ ಕಾರಿನೊಡನೆ ಜನರ ಅಂಗಳಕ್ಕೂ ಬಂತು. 1908ರಿಂದ 1927ರವರೆಗೆ ಒಂದೂವರೆ ಕೋಟಿಗೂ ಮಿಕ್ಕಿ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರನ್ನು ಅಮೆರಿಕದ ಎಷ್ಟೋ ರೈತರು ಕೊಟ್ಟಿಗೆಯಲ್ಲೇ ಬಿಚ್ಚಿ ಜೋಡಿಸುತ್ತಿದ್ದರು. 2014ರವರೆಗೂ ಉತ್ಪಾದನೆಯಲ್ಲಿದ್ದ ನಮ್ಮ ಅಂಬಾಸಡರ್ ಕೂಡ ಯಾವ ಊರಿನ ಮೆಕ್ಯಾನಿಕ್‌ಗೂ ಬಗ್ಗುವ ಕಾರು ಎಂದೇ ಹೆಸರಾಯಿತು.

ಅಂಗಳದಲ್ಲಿ ಮಾಡುವ ಆ ಪರೀಕ್ಷೆ ಹೀಗಿದೆ. ಮೊದಲು ಸವೆತ ನೋಡಬೇಕು. ಮುಂಭಾಗವನ್ನು ಎತ್ತಿ ಗಟ್ಟಿ ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ಬರೀ ಜಾಕ್ ನಂಬಿ ಕೈಹಾಕಬಾರದು. ಗಾಲಿಯ ಎಡಬಲ ಹಿಡಿದು ಅಲುಗಿಸಿದಾಗ ಟಕ್ಕೆಂದರೆ ಟೈ ರಾಡ್ ತುದಿಯನ್ನು ಸಂಶಯಿಸಬೇಕು. ಮೇಲೆ ಕೆಳಗೆ ಹಿಡಿದಾಗ ಅಂದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಸವೆದದ್ದನ್ನು ಬದಲಿಸದೆ ಅಲೈನ್‌ಮೆಂಟ್ ಮಾಡಿ ಫಲವಿಲ್ಲ. ಆಮೇಲೆ ಕಾರನ್ನು ಸಮನೆಲದ ಮೇಲಿಳಿಸಿ, ಸ್ಟೀರಿಂಗ್ ನೇರ ಮಾಡಿ, ಎರಡು ಟೈರುಗಳ ಮುಂಬದಿಯಲ್ಲಿ ಅಚ್ಚಿನ ಎತ್ತರಕ್ಕೆ ಸೀಮೆಸುಣ್ಣದ ಗುರುತು ಹಾಕಿ, ನಡುವಿನ ದೂರ ಅಳೆಯಬೇಕು. ಗುರುತುಗಳು ಹಿಂಬದಿಗೆ ಬರುವಷ್ಟು ಕಾರನ್ನು ಮುಂದಕ್ಕೆ ತಳ್ಳಿ ಮತ್ತೆ ಅಳೆಯಬೇಕು. ವ್ಯತ್ಯಾಸವೇ ‘ಟೋ’. ಹಳೆಯ ಹಿಂಬದಿ ಚಾಲನೆಯ ಕಾರುಗಳಲ್ಲಿ ಸಾಮಾನ್ಯವಾಗಿ ಮುಂಬದಿಯ ದೂರ 1ರಿಂದ 3 ಮಿಲಿಮೀಟರ್ ಕಡಿಮೆಯಿರಬೇಕು. ಲಾಕ್ ನಟ್ ಸಡಿಲಿಸಿ ಟೈ ರಾಡ್ ತಿರುಗಿಸಿದರೆ ಇದು ಹೊಂದುತ್ತದೆ. ಕಾರಿನ ಎರಡೂ ಬದಿಗೆ ಸಮಾನಾಂತರವಾಗಿ ಬಿಗಿದ ದಾರ ಗಾಲಿಗಳ ದಿಕ್ಕನ್ನೂ, ಗಾರೆಯವರ ತೂಗುಗುಂಡು ಅವುಗಳ ವಾಲುವಿಕೆಯನ್ನೂ ತೋರಿಸುತ್ತವೆ.

ಮೂರು ಮಿಲಿಮೀಟರ್ ಎಂದರೆ ಎಷ್ಟು ಮಹಾ ಎನ್ನಬೇಡಿ. 600 ಮಿಲಿಮೀಟರ್ ವ್ಯಾಸದ ಟೈರುಗಳಲ್ಲಿ ಅಷ್ಟು ಹೆಚ್ಚುಕಡಿಮೆಯಾದರೆ, ಕಾರು ಒಂದು ಕಿಲೋಮೀಟರ್ ಓಡುವಷ್ಟರಲ್ಲಿ ಪ್ರತಿ ಟೈರೂ ಎರಡೂವರೆ ಮೀಟರ್ ಅಡ್ಡಕ್ಕೆ ಉಜ್ಜಿದಂತಾಗುತ್ತದೆ. ಮೂಲೆಯಲ್ಲಿ ತೇರಿನ ಗಾಲಿ ಜಾರುವ ಹಾಗೆಯೇ, ಆದರೆ ಯಾರ ಕಣ್ಣಿಗೂ ಬೀಳದಂತೆ.

ಇಂದಿನ ಕಾರಿನಲ್ಲೂ ಈ ಜ್ಯಾಮಿತಿಯ ತತ್ವ ಉಳಿದಿದೆ. ಬದಲಾದದ್ದು ಅದರ ಸುತ್ತಲಿನ ವ್ಯವಸ್ಥೆ. ವಿದ್ಯುತ್ ಸ್ಟೀರಿಂಗ್ ಇರುವ ಎಷ್ಟೋ ಕಾರುಗಳಲ್ಲಿ ಟೋ ಹೊಂದಿಸಿದ ಮೇಲೆ ಸ್ಟೀರಿಂಗ್ ಕೋನದ ಸೆನ್ಸರಿಗೆ ‘ನೇರ ಎಂದರೆ ಇದು’ ಎಂದು ಕಂಪ್ಯೂಟರ್ ಮೂಲಕ ತಿಳಿಸಬೇಕು. ಆ ಉಪಕರಣ, ಮಾಹಿತಿ ಯಾರ ಕೈಯಲ್ಲಿರಬೇಕು? 2012ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು ಅದು ಕಂಪನಿಯೊಂದರದೇ ಸ್ವತ್ತಾಗಬಾರದು ಎಂದು ಮತ ಹಾಕಿದರು. ಭಾರತ ಸರ್ಕಾರವೂ 2022ರಲ್ಲಿ ‘ದುರಸ್ತಿಯ ಹಕ್ಕು’ ಕುರಿತು ಸಮಿತಿ ರಚಿಸಿತು. ಅದರ ವ್ಯಾಪ್ತಿಯಲ್ಲಿ ವಾಹನಗಳೂ ಇವೆ.

ಸ್ಟೀರಿಂಗ್ ಕೆಟ್ಟರೆ ಜೀವಕ್ಕೇ ಅಪಾಯ, ಆದ್ದರಿಂದ ಗೊತ್ತಿಲ್ಲದವರು ಮುಟ್ಟಬಾರದು ಎಂಬ ಮಾತು ನಿಜವೇ. ಆದರೆ ಜೀವದ ಪ್ರಶ್ನೆಯಾದ್ದರಿಂದಲೇ ಡಾರ್ವಿನ್ನನಂಥ ಹೊರಗಿನವನೂ ಅದಕ್ಕೆ ತಲೆಹಾಕಿದ್ದು. ರಿಪೇರಿಯನ್ನು ಬಲ್ಲವರಿಗೆ ಬಿಟ್ಟರೂ, ತಾನು ಕೂತ ಗಾಡಿ ನೇರ ಹೋಗುತ್ತಿದೆಯೇ ಎಂದು ಅಳೆದು ನೋಡುವ ಹಕ್ಕು ಅದರಲ್ಲಿ ಕೂತವನ ಕೈತಪ್ಪಬಾರದು.