ಹದಿಹರೆಯದವರ ವ್ಯಾಯಾಮ ಮತ್ತು ಹೃದಯ ಬಡಿತ

ವ್ಯಾಯಾಮದ ವೇಳೆ ದೇಹಕ್ಕೆ ಬೀಳುವ ಶ್ರಮವನ್ನು ಹೃದಯ ಬಡಿತದಿಂದ ಅಂದಾಜಿಸುತ್ತಾರೆ. 13ರಿಂದ 19 ವರ್ಷದವರು ವಿಶ್ರಾಂತಿಯಲ್ಲಿರುವಾಗ ನಾಡಿ ಸಾಮಾನ್ಯವಾಗಿ ನಿಮಿಷಕ್ಕೆ 60–100 ಸಲ ಮಿಡಿಯುತ್ತದೆ. ದಿನವೂ ಓಡುವ, ಈಜುವ ಕ್ರೀಡಾಪಟುಗಳಲ್ಲಿ ಇದು 60ಕ್ಕಿಂತ ಕಡಿಮೆ ಇರುವುದುಂಟು.

ಗರಿಷ್ಠ ಬಡಿತ: 220ರಿಂದ ವಯಸ್ಸನ್ನು ಕಳೆಯುವ ಸೂತ್ರ 1970ರ ದಶಕದಿಂದ ಪ್ರಚಲಿತ. ಇದು ವಯಸ್ಕರನ್ನು ಆಧರಿಸಿದ್ದು. ಹದಿಹರೆಯದಲ್ಲಿ ಗರಿಷ್ಠ ಬಡಿತ ವರ್ಷದಿಂದ ವರ್ಷಕ್ಕೆ ಅಷ್ಟಾಗಿ ಇಳಿಯದೆ 200ರ ಆಸುಪಾಸಿನಲ್ಲೇ ಇರುವುದರಿಂದ, ಈ ಸೂತ್ರ ಕಿರಿಯರಿಗೆ ತುಸು ಹೆಚ್ಚಿನ ಸಂಖ್ಯೆ ಕೊಡುತ್ತದೆ. ತನಾಕ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಸೂತ್ರದಲ್ಲಿ ವಯಸ್ಸಿನ 0.7 ಪಾಲನ್ನು 208ರಿಂದ ಕಳೆಯಬೇಕು. 15 ವರ್ಷದವರಿಗೆ ಮೊದಲನೆಯದರಿಂದ 205, ಎರಡನೆಯದರಿಂದ ಸುಮಾರು 198 ಬರುತ್ತದೆ. ಎರಡೂ ಅಂದಾಜುಗಳೇ, ಒಬ್ಬೊಬ್ಬರ ನಿಜವಾದ ಗರಿಷ್ಠ ಬಡಿತ ಇದಕ್ಕಿಂತ ಹತ್ತು ಹೆಚ್ಚೋ ಕಡಿಮೆಯೋ ಇರಬಹುದು.

ಗುರಿಯ ವ್ಯಾಪ್ತಿ: ಫಿನ್ಲೆಂಡಿನ ಮಾರ್ಟಿ ಕಾರ್ವೋನೆನ್ ಹೆಸರಿನ ವಿಧಾನದಲ್ಲಿ ಗರಿಷ್ಠ ಬಡಿತದಿಂದ ವಿಶ್ರಾಂತಿಯ ಬಡಿತವನ್ನು ಕಳೆದು, ಉಳಿದುದರ ನಿಗದಿತ ಶೇಕಡಾ ಪಾಲನ್ನು ಮತ್ತೆ ವಿಶ್ರಾಂತಿಯ ಬಡಿತಕ್ಕೆ ಕೂಡುತ್ತಾರೆ. ಮಧ್ಯಮ ಶ್ರಮಕ್ಕೆ ಶೇ. 40–59, ತೀವ್ರ ಶ್ರಮಕ್ಕೆ ಶೇ. 60–89 ರೂಢಿ. ಗರಿಷ್ಠ 198, ವಿಶ್ರಾಂತಿಯಲ್ಲಿ 70 ಇದ್ದರೆ ಮಧ್ಯಮ ಶ್ರಮ 121ರ ಹೊತ್ತಿಗೆ, ತೀವ್ರ ಶ್ರಮ 147ರ ಹೊತ್ತಿಗೆ ಶುರುವಾಗುತ್ತದೆ.

ಎಣಿಕೆ: ಓಟ ನಿಲ್ಲಿಸಿದ ಕೂಡಲೇ ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ತೋರುಬೆರಳು, ನಡುಬೆರಳು ಇಟ್ಟು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬೇಕು. ತಡವಾದರೆ ಬಡಿತ ಇಳಿದುಬಿಡುತ್ತದೆ. ಮಣಿಕಟ್ಟಿನ ವಾಚುಗಳು ಜೋರಾದ ಚಲನೆಯಲ್ಲಿ ತಪ್ಪು ತೋರಿಸಬಹುದು. ಮಾತಾಡಬಹುದು, ಆದರೆ ಹಾಡಲಾಗದು ಎನ್ನುವಷ್ಟು ಉಸಿರು ಏರಿದರೆ ಅದು ಮಧ್ಯಮ ಶ್ರಮ.

ಎಚ್ಚರಿಕೆ: ಆರೋಗ್ಯವಂತರಲ್ಲಿ ಬಡಿತ ಸ್ವಲ್ಪ ಹೊತ್ತು 190 ಮುಟ್ಟುವುದೇ ಅಪಾಯದ ಗುರುತಲ್ಲ. ಬಿಸಿಲು, ನೀರಿನ ಕೊರತೆ, ಆತಂಕ, ಕೆಫೀನ್ ಬಡಿತವನ್ನು ಏರಿಸುತ್ತವೆ; ಬೀಟಾ ಬ್ಲಾಕರ್ ಮಾತ್ರೆ ಇಳಿಸುವುದರಿಂದ ಅದನ್ನು ಸೇವಿಸುವವರಿಗೆ ಸೂತ್ರ ಹೊಂದುವುದಿಲ್ಲ. ಜ್ವರವಿದ್ದಾಗ ವ್ಯಾಯಾಮ ಬೇಡ. ಆಡುವಾಗ ಎದೆನೋವು, ಪ್ರಜ್ಞೆ ತಪ್ಪುವುದು, ಕಾರಣವಿಲ್ಲದೆ ಎದೆ ಡವಗುಟ್ಟುವುದು ಕಂಡರೆ ಸಂಖ್ಯೆ ಎಷ್ಟೇ ಇರಲಿ, ಆಟ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಹೃದಯಸ್ನಾಯು ದಪ್ಪವಾಗುವ ಅನುವಂಶಿಕ ಕಾಯಿಲೆಯ ಮೊದಲ ಸುಳಿವು ಇದಾಗಿರಬಹುದು. ಕುಟುಂಬದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲೇ ಹಠಾತ್ತನೆ ತೀರಿಕೊಂಡಿದ್ದರೆ ಕಠಿಣ ತರಬೇತಿಗೆ ಮುನ್ನ ತಪಾಸಣೆ ಅಗತ್ಯ.

ಶಿಫಾರಸು: 5–17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಮಧ್ಯಮದಿಂದ ತೀವ್ರ ಚಟುವಟಿಕೆಯಲ್ಲಿರಬೇಕು, ವಾರಕ್ಕೆ ಕನಿಷ್ಠ 3 ದಿನ ತೀವ್ರ ವ್ಯಾಯಾಮವಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ.